ಕೊನೇ ಪಿರಿಯಡ್ ಮೊದಲು ಬರಲಿ

ಸರ್ಕಾರಿ ಶಾಲೆಯಲ್ಲಿ ಓದಿದ ಗೆಳೆಯರಿಗೆ ಒಂದು ಪ್ರಶ್ನೆ. ನಿಮ್ಮ ಏಳನೇ ತರಗತಿಯ ವೇಳಾಪಟ್ಟಿಯಲ್ಲಿ ಚಿತ್ರಕಲೆ, ಕಾರ್ಯಾನುಭವ, ಆಟ ಇವು ಯಾವ ಅವಧಿಯಲ್ಲಿ ಬರುತ್ತಿದ್ದವು? ಈ ಪ್ರಶ್ನೆಯನ್ನು ನಾನು ಹಾಸ್ಟೆಲ್‌ನಲ್ಲಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಗೆಳೆಯರಿಗೂ ಕೇಳಿದೆ. ಎಲ್ಲರ ಉತ್ತರ ಒಂದೇ: ‘ಕೊನೇ ಪಿರಿಯಡ್ ಲೇ, ಅದೂ ಸಿಕ್ಕರ!’

ನಾನು ಓದಿದ್ದು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಬೆಳಿಗ್ಗೆ ಗಣಿತ, ವಿಜ್ಞಾನ, ಇಂಗ್ಲಿಷ್. ಬಿಸಿಯೂಟದ ನಂತರ ಸಮಾಜ, ಹಿಂದಿ. ಎಲ್ಲ ಮುಗಿದ ಮೇಲೆ ಕೈಗೂ ಕಾಲಿಗೂ ಕೆಲಸ ಕೊಡುವ ವಿಷಯಗಳು. ಗೋಡೆಯ ಚಾರ್ಟ್‌ನಲ್ಲಿ ಅವು ತಪ್ಪದೇ ಇರುತ್ತಿದ್ದವು. ಆದರೆ ಗಂಟೆ ಹೊಡೆದ ಮೇಲೆ ಒಳಗೆ ಬರುತ್ತಿದ್ದ ಸರ್ ‘ಇವತ್ತ ಆಟ ಇಲ್ಲ, ಗಣಿತ ಪುಸ್ತಕ ತಗೀರಿ’ ಎನ್ನುತ್ತಿದ್ದರು. ಅವರನ್ನು ದೂರಿ ಫಲವಿಲ್ಲ. ಪರೀಕ್ಷೆಗೆ ಮೊದಲು ಪಾಠ ಮುಗಿಸದಿದ್ದರೆ ಕೇಳುವವರಿದ್ದರು, ಚಿತ್ರಕಲೆ ಏನಾಯಿತು ಎಂದು ಕೇಳುವವರು ಯಾರೂ ಇರಲಿಲ್ಲ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಎಂಜಿನಿಯರಿಂಗ್‌ನಲ್ಲಿ ಮೊದಲ ಸಲ ಎಲೆಕ್ಟಿವ್ ಆರಿಸಲು ಫಾರ್ಮ್ ಬಂದಾಗ ನಮ್ಮ ಕ್ಲಾಸಿನಲ್ಲಿ ಆದದ್ದನ್ನು ಹೇಳುತ್ತೇನೆ. ಅರವತ್ತು ಜನರಲ್ಲಿ ಬಹಳಷ್ಟು ಮಂದಿ ವಿಷಯದ ಹೆಸರನ್ನೂ ಪೂರ್ತಿ ಓದಲಿಲ್ಲ. ‘ನೀ ಯಾವುದ ತಗೊಂಡಿ?’ ‘ಅದರಾಗ ಮಾರ್ಕ್ಸ್ ಬರತಾವಂತ.’ ಇಷ್ಟರಲ್ಲಿ ಆಯ್ಕೆ ಮುಗಿಯಿತು. ನಮಗೆ ಬುದ್ಧಿ ಕಡಿಮೆ ಎಂದಲ್ಲ. ನಮಗೆ ಏನು ಇಷ್ಟ, ಏನು ಕೈಗೆ ಹತ್ತುತ್ತದೆ ಎಂದು ನೋಡಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಸೈನ್ಸ್, ಕಾಮರ್ಸ್, ಆರ್ಟ್ಸ್, ಐಟಿಐ ಎಂದು ನಾಲ್ಕು ದಾರಿ ಎದುರಾದಾಗಲೂ ಹೀಗೇ ಆಗಿತ್ತು. ಆಯ್ಕೆ ಮಾಡುವುದೂ ಈಜಿನ ಹಾಗೆ, ನೀರಿಗೆ ಇಳಿಯದೆ ಬರುವುದಿಲ್ಲ. ಅದನ್ನು ಕಲಿಯಲು ತಕ್ಕ ವಯಸ್ಸು ಆರು, ಏಳು, ಎಂಟನೇ ತರಗತಿ. ಆಗ ತಪ್ಪು ಆರಿಸಿದರೂ ಫೀಸು ಹೋಗುವುದಿಲ್ಲ, ವರ್ಷವೂ ಹಾಳಾಗುವುದಿಲ್ಲ.

ಹಾಗಾದರೆ ಸಮಯ ಇಲ್ಲವೇ? ಲೆಕ್ಕ ಹಾಕೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನ, 1000 ಗಂಟೆ ಬೋಧನೆ ಇರಬೇಕು. ನಮ್ಮ ಶಾಲೆಯಲ್ಲಿ ವಾರಕ್ಕೆ 40 ನಿಮಿಷದ 45 ಅವಧಿಗಳಿದ್ದವು, ಅಂದರೆ 30 ಗಂಟೆ. ವರ್ಷಕ್ಕೆ 36 ವಾರ ಹಿಡಿದರೂ 1080 ಗಂಟೆ ಆಗುತ್ತದೆ. ಕಾಗದದ ಮೇಲೆ ಸಮಯಕ್ಕೆ ಬರವಿಲ್ಲ. ಅದರಲ್ಲಿ ಚಿತ್ರಕಲೆ, ಕಾರ್ಯಾನುಭವ, ದೈಹಿಕ ಶಿಕ್ಷಣಕ್ಕೆ ಒಟ್ಟು ಏಳು ಅವಧಿ ಇದ್ದವು. ಕೊರತೆ ಇದ್ದದ್ದು ಆ ಅವಧಿ ನಡೆಸುವವರದು.

ಈ ಕೊರತೆಯ ಬೇರು ಅದೇ ಕಾಯ್ದೆಯ ಅನುಸೂಚಿಯಲ್ಲೂ ಇದೆ. ಆರರಿಂದ ಎಂಟನೇ ತರಗತಿಯ ಮಕ್ಕಳ ಸಂಖ್ಯೆ 100 ದಾಟಿದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು ಎನ್ನುತ್ತದೆ ಅದು. ಓದಲು ಚೆಂದ. ಆದರೆ ನಮ್ಮೂರ ಶಾಲೆಯಲ್ಲಿ ಆರು, ಏಳು ಸೇರಿ 60 ಮಕ್ಕಳೂ ಇರಲಿಲ್ಲ, ಎಂಟನೇ ತರಗತಿಗೆ ನಾವು ಪಕ್ಕದ ಊರಿನ ಹೈಸ್ಕೂಲಿಗೆ ಹೋಗಬೇಕಿತ್ತು. ಸಣ್ಣ ಊರಿನ ಶಾಲೆ 100 ಎಂಬ ಗೆರೆ ದಾಟುವುದು ಯಾವಾಗ? ಹೀಗೆ ಚಿತ್ರ ಬರೆಯುವ ಹಕ್ಕು ದೊಡ್ಡ ಊರಿನ ಮಕ್ಕಳಿಗೆ ಮಾತ್ರ ಎಂಬಂತಾಗಿದೆ.

ಇನ್ನೊಂದು ಕಾರಣ ನಮ್ಮ ಕಡೆಯದೇ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿದರೆ ನಮ್ಮ ಐದೂ ತಾಲ್ಲೂಕುಗಳ ನದಿದಂಡೆಯ ಊರುಗಳು ಮುಳುಗುತ್ತವೆ. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದಾಗ ನಾನು ಎಂಟನೇ ತರಗತಿಯಲ್ಲಿದ್ದೆ. ಶಾಲೆಗಳೇ ಸಂತ್ರಸ್ತರ ಮನೆಗಳಾದವು. 2021ರ ಜುಲೈನಲ್ಲೂ ಅದೇ ಕಥೆ. ಹೋದ ದಿನಗಳನ್ನು ತುಂಬಿಕೊಳ್ಳುವಾಗ ನಮ್ಮಲ್ಲಿ ಮೊದಲು ಬಲಿಯಾದದ್ದು ಆಟ, ಚಿತ್ರ, ಕಾರ್ಯಾನುಭವದ ಅವಧಿಗಳೇ. ತಿಂಗಳುಗಟ್ಟಲೆ ಅಂಜಿಕೊಂಡಿದ್ದ ಮಕ್ಕಳಿಗೆ ಆಗ ಅವೇ ಹೆಚ್ಚು ಬೇಕಾಗಿದ್ದವು.

ಕೈಕೆಲಸದ ಅವಧಿಗೆ ನಮ್ಮ ದೇಶದಲ್ಲಿ ಹೆಸರಿಗೇನೂ ಕೊರತೆಯಾಗಿಲ್ಲ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ‘ನಯೀ ತಾಲೀಮ್’ ವಿಚಾರ ಮುಂದಿಟ್ಟರು. ಅದಕ್ಕಾಗಿ ಜಾಕಿರ್ ಹುಸೇನ್ ಸಮಿತಿ ಸಿದ್ಧಪಡಿಸಿದ ದಿನಚರಿ ನೋಡಿದರೆ ಆಶ್ಚರ್ಯವಾಗುತ್ತದೆ. ಐದೂವರೆ ಗಂಟೆಯ ಶಾಲೆಯಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ, ಮಾತೃಭಾಷೆಗೆ 40 ನಿಮಿಷ, ಸಂಗೀತ, ಚಿತ್ರ, ಅಂಕಗಣಿತ ಮೂರಕ್ಕೂ ಸೇರಿ 40 ನಿಮಿಷ! ನಂತರ ಕೊಠಾರಿ ಆಯೋಗ 1966ರಲ್ಲಿ ಇದನ್ನು ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ‘ಎಸ್‌ಯುಪಿಡಬ್ಲ್ಯು’ ಎಂದು ಹೆಸರಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ನಡುವೆ ಹತ್ತು ದಿನ ಬ್ಯಾಗ್ ಇಲ್ಲದೆ ಬಡಿಗ, ತೋಟಗಾರ, ಕುಂಬಾರರಂಥವರ ಜೊತೆ ಕಲಿಯಬೇಕು ಎಂದಿತು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ತರಗತಿಗಳಿಗೆ ವೃತ್ತಿ ಶಿಕ್ಷಣವನ್ನು ಒಂದು ವಿಷಯವಾಗಿಯೇ ಸೇರಿಸಿತು. ನಮ್ಮ ರಾಜ್ಯದ ಶಾಲೆಗಳಲ್ಲೂ ತಿಂಗಳ ಮೂರನೇ ಶನಿವಾರ ಬ್ಯಾಗ್ ರಹಿತ ದಿನ, ‘ಸಂಭ್ರಮ ಶನಿವಾರ’. ಹೆಸರು ಐದಾರು ಸಲ ಬದಲಾಯಿತು, ವೇಳಾಪಟ್ಟಿಯಲ್ಲಿ ಅದರ ಜಾಗ ಮಾತ್ರ ಬದಲಾಗಲಿಲ್ಲ.

ಇದನ್ನು ಈಗಲೇ ಮಾತಾಡಬೇಕಾದ ಕಾರಣವೊಂದಿದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದೆ. ದ್ವಿಭಾಷಾ ಪದ್ಧತಿ ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ಅದು ಜಾರಿಯಾದರೆ ಆರನೇ ತರಗತಿಯಿಂದ ಬರುವ ಮೂರನೇ ಭಾಷೆಯ ಅವಧಿಗಳು ಖಾಲಿಯಾಗುತ್ತವೆ. ನಮ್ಮ ಶಾಲೆಯಲ್ಲಿ ಹಿಂದಿಗೆ ವಾರಕ್ಕೆ ನಾಲ್ಕು ಅವಧಿ ಇದ್ದವು. ಆ ನಾಲ್ಕು ಅವಧಿ ಎಲ್ಲಿಗೆ ಹೋಗುತ್ತವೆ? ಯಾರೂ ತಲೆ ಕೆಡಿಸಿಕೊಳ್ಳದಿದ್ದರೆ ನೇರವಾಗಿ ಗಣಿತಕ್ಕೆ, ಇಂಗ್ಲಿಷಿಗೆ.

ಗಡಿಯ ಮಕ್ಕಳಿಗೆ ಭಾಷೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಕನ್ನಡ ಶಾಲೆಯ ಪಕ್ಕದಲ್ಲೇ ಮರಾಠಿ ಶಾಲೆ ಇರುತ್ತದೆ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದಾಗಿ ಮರಾಠಿ ಮಾಧ್ಯಮದ ಮಕ್ಕಳೂ ಕನ್ನಡ ಕಲಿಯುತ್ತಾರೆ, ಅದು ಅವರ ನೌಕರಿಗೂ ಒಳ್ಳೆಯದೇ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಒಂದನೇ ತರಗತಿಯಿಂದ ಹಿಂದಿ ಎಂದು 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶ ದೊಡ್ಡ ವಿರೋಧದ ನಂತರ ಜೂನ್ ಕೊನೆಗೆ ವಾಪಸಾಯಿತು. ಎರಡೂ ಕಡೆ ದೊಡ್ಡವರು ಜಗಳಾಡಿದ್ದು ಯಾವ ಭಾಷೆ ಕಡ್ಡಾಯ ಎಂಬುದಕ್ಕೆ. ಏನು ಕಲಿಯಲು ಇಷ್ಟ ಎಂದು ಹನ್ನೆರಡು ವರ್ಷದ ಹುಡುಗಿಯನ್ನು ಕೇಳಿದವರು ಕಡಿಮೆ.

ನನಗೆ ಅನ್ನಿಸುವುದು ಇಷ್ಟು. ಮೂರನೇ ಭಾಷೆ ಹೋಗಲಿ, ಇರಲಿ, 6ರಿಂದ 8ನೇ ತರಗತಿಯಲ್ಲಿ ವಾರಕ್ಕೆ ನಾಲ್ಕು ಅವಧಿ ಮಕ್ಕಳ ಆಯ್ಕೆಗೆ ಮೀಸಲಿಡಬೇಕು. ಜೋಡಿ ಅವಧಿಯಾಗಿ, 80 ನಿಮಿಷದಂತೆ ವಾರಕ್ಕೆ ಎರಡು ಸಲ, ಊಟಕ್ಕೆ ಮುಂಚೆ ಇಡಬೇಕು. 36 ವಾರಕ್ಕೆ 96 ಗಂಟೆ ಆಗುತ್ತದೆ. 40 ನಿಮಿಷದಲ್ಲಿ ಸಾಮಾನು ಹರಡಿ ಮತ್ತೆ ಎತ್ತಿಡುವುದರೊಳಗೆ ಗಂಟೆ ಹೊಡೆಯುತ್ತದೆ, ಅದಕ್ಕೇ ಜೋಡಿ ಅವಧಿ. ಊಟಕ್ಕೆ ಮುಂಚೆ ಏಕೆಂದರೆ, ಬೆಳಗಿನ ಅವಧಿಯನ್ನು ಯಾರೂ ಸುಲಭಕ್ಕೆ ಸಾಲ ಕೇಳುವುದಿಲ್ಲ.

ಅದರಲ್ಲಿ ಏನು ಕಲಿಯಬಹುದು? ನಮ್ಮ ಸುತ್ತ ನೋಡಿದರೆ ಸಾಕು. ಅಥಣಿ, ನಿಪ್ಪಾಣಿ ಭಾಗದಲ್ಲಿ ಕೈಯಿಂದ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಅದರಲ್ಲಿ ಪಾಲಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಅದೇ ತರಹದ ಚಪ್ಪಲಿ ತೋರಿಸಿದಾಗ ಜಗತ್ತೆಲ್ಲ ಸುದ್ದಿಯಾಯಿತು. ಅಥಣಿಯ ಎಷ್ಟು ಶಾಲೆಗಳಲ್ಲಿ ಅದರ ಅಳತೆ, ವಿನ್ಯಾಸ, ಲಾಭ ನಷ್ಟದ ಲೆಕ್ಕ ಪಾಠವಾಗಿದೆ? ಕಬ್ಬಿನ ಹೊಲದಲ್ಲಿ ಹನಿ ನೀರಾವರಿಯ ಪೈಪು ಜೋಡಿಸುವುದು, ಮೋಟರ್ ಪಂಪ್ ಬಿಚ್ಚಿ ನೋಡುವುದು, ಮಳೆ ಅಳೆಯುವುದು, ಬಯಲಾಟದ ಹಾಡು, ಹೊಲಿಗೆ, ಕಂಪ್ಯೂಟರ್, ಕಬಡ್ಡಿ, ಪಕ್ಕದ ಮನೆಯವರ ಭಾಷೆ ಇವೆಲ್ಲ ಎಲೆಕ್ಟಿವ್ ಆಗಬಹುದು. ಕೊಲ್ಹಾಪುರ, ಇಚಲಕರಂಜಿ, ಮೀರಜ್‌ಗೆ ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಬರೆಯಲು ಓದಲು ಬರುವ ಮರಾಠಿ ಎಷ್ಟು ಉಪಯೋಗ ಎಂದು ಅವರನ್ನೇ ಕೇಳಿ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ನನ್ನ ಅಪ್ಪನದೇ. ‘ಹೊಲದ ಕೆಲಸ ಮನ್ಯಾಗೂ ಕಲಸ್ತೀನಿ, ಸಾಲಿಗೆ ಕಳಸೂದು ಇಂಗ್ಲಿಷ್ ಕಲೀಲಿ ಅಂತ.’ ಬಡವರ ಮಕ್ಕಳಿಗೆ ಗಣಿತ, ಇಂಗ್ಲಿಷ್ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಹೇಳುತ್ತಿರುವುದು 45ರಲ್ಲಿ ನಾಲ್ಕು ಅವಧಿಯ ಮಾತು, ಉಳಿದ 41 ಅವಧಿ ಹಾಗೇ ಇರುತ್ತವೆ. ಪೈಪಿನ ಉದ್ದ ಅಳೆದು ನೀರಿನ ಲೆಕ್ಕ ಮಾಡಿದ ಹುಡುಗನಿಗೆ ಗಣಿತ ಇನ್ನಷ್ಟು ಹತ್ತಿರವಾಗುತ್ತದೆ.

ಎರಡನೆಯದು ಗಂಭೀರವಾದದ್ದು. ಕಸುಬು ಎಂದ ಕೂಡಲೇ ಜಾತಿ ಬರುತ್ತದೆ. 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ರಾಜಾಜಿ ಹಳ್ಳಿ ಶಾಲೆಗಳ ಸಮಯ ಇಳಿಸಿ, ಮಕ್ಕಳು ದಿನಕ್ಕೆ ಮೂರು ಗಂಟೆ ಶಾಲೆಯಲ್ಲಿ ಕಲಿತು ಉಳಿದ ಹೊತ್ತು ತಂದೆ ತಾಯಿಯ ಕಸುಬು ಕಲಿಯಲಿ ಎಂಬ ಯೋಜನೆ ತಂದರು. ಆಗ ದಕ್ಷಿಣ ಕನ್ನಡವೂ ಆ ರಾಜ್ಯದಲ್ಲಿತ್ತು. ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೇ ಎಂದು ದೊಡ್ಡ ಹೋರಾಟವಾಯಿತು. 1954ರಲ್ಲಿ ಮುಖ್ಯಮಂತ್ರಿಯಾದ ಕಾಮರಾಜ್ ಅದನ್ನು ಕೈಬಿಟ್ಟರು. ವೇಳಾಪಟ್ಟಿಯ ಒಂದು ಬದಲಾವಣೆ ಒಂದು ತಲೆಮಾರಿನ ಹಣೆಬರಹವನ್ನೇ ತಿದ್ದಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದ್ದರಿಂದ ನಿಯಮ ಸ್ಪಷ್ಟವಾಗಿರಬೇಕು. ಆರು, ಏಳನೇ ತರಗತಿಯಲ್ಲಿ ಎಲ್ಲ ಮಕ್ಕಳೂ ಸರದಿಯಂತೆ ಎಲ್ಲ ವಿಷಯ ಮುಟ್ಟಬೇಕು. ಗೌಡರ ಮಗ ಚರ್ಮ ಹೊಲಿಯಬೇಕು, ಚಪ್ಪಲಿ ಹೊಲಿಯುವವರ ಮಗಳು ಕಂಪ್ಯೂಟರ್ ಮುಂದೆ ಕೂರಬೇಕು. ಹುಡುಗರಿಗೂ ಹೊಲಿಗೆ, ಹುಡುಗಿಯರಿಗೂ ಮೋಟರ್. ಎಂಟನೆಯದರಲ್ಲಿ ತಮಗೆ ಬೇಕಾದ್ದನ್ನು ಮಕ್ಕಳೇ ಆರಿಸಬೇಕು. ಒಂಬತ್ತನೇ ತರಗತಿಯಲ್ಲಿ ಕೆಲವು ಹೈಸ್ಕೂಲುಗಳಲ್ಲಿ ಮೂರನೇ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ ವೃತ್ತಿ ವಿಷಯ ತೆಗೆದುಕೊಳ್ಳುವ ಅವಕಾಶವಿದೆ. ಮೊದಲೇ ಅಭ್ಯಾಸವಿದ್ದರೆ ಆಗ ಕಣ್ಣು ಮುಚ್ಚಿ ಟಿಕ್ ಹಾಕುವ ಪಾಳಿ ಬರುವುದಿಲ್ಲ.

ಕಲಿಸುವವರು ಯಾರು? ಒಂದೊಂದು ಶಾಲೆಗೆ ಒಬ್ಬರು ಸಿಗದಿದ್ದರೆ ಕ್ಲಸ್ಟರ್‌ಗೆ ಒಬ್ಬರು ಸಿಗಲಿ. ಸೋಮವಾರ, ಗುರುವಾರ ಒಂದು ಊರು, ಮಂಗಳವಾರ, ಶುಕ್ರವಾರ ಇನ್ನೊಂದು, ಬುಧವಾರ, ಶನಿವಾರ ಮೂರನೆಯದು. ಒಬ್ಬ ಬೋಧಕರಿಗೆ ಮೂರು ಶಾಲೆ. ಮಕ್ಕಳ ಸಂಖ್ಯೆಯನ್ನೂ ಕ್ಲಸ್ಟರ್ ಲೆಕ್ಕದಲ್ಲಿ ಹಿಡಿದರೆ 100 ದಾಟುವುದು ಕಷ್ಟವಲ್ಲ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಇದು ಅಸೈನ್‌ಮೆಂಟ್‌ನಲ್ಲಿ ಬರುವ ಶೆಡ್ಯೂಲಿಂಗ್ ಲೆಕ್ಕ. ಈ ಪುಟ ಓದುವವರಲ್ಲಿ ಬಿ.ಪಿ.ಇಡಿ, ಡಿ.ಇಡಿ, ಚಿತ್ರಕಲೆಯ ಕೋರ್ಸ್, ಐಟಿಐ ಮುಗಿಸಿ ಕೆಲಸ ಹುಡುಕುತ್ತಿರುವ ಅಣ್ಣಂದಿರು, ಅಕ್ಕಂದಿರು ಬಹಳ ಇದ್ದೀರಿ. ಖಾಲಿ ಬಿದ್ದ ಆ ಅವಧಿ ಮಕ್ಕಳ ನಷ್ಟವಷ್ಟೇ ಅಲ್ಲ, ನಿಮಗೆ ಸಿಗದ ಕೆಲಸವೂ ಹೌದು.

ನೀತಿ ಬದಲಾಗುವವರೆಗೆ ಕಾಯಬೇಕಿಲ್ಲ. ಯಾವ ವಿಷಯ ಯಾವ ಹೊತ್ತಿಗೆ ಎಂದು ಜೋಡಿಸುವುದು ಬಹುಮಟ್ಟಿಗೆ ಶಾಲೆಯಲ್ಲೇ ನಡೆಯುವ ಕೆಲಸ. ಊರಿನ ಶಾಲೆಯ ಎಸ್‌ಡಿಎಂಸಿಯಲ್ಲಿ ಇರುವವರು ನಮ್ಮ ಅಣ್ಣ, ಅತ್ತಿಗೆ, ಕಾಕಾ, ಮಾವಂದಿರೇ. ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮುಖ್ಯ ಗುರುಗಳನ್ನು ಕಂಡು, ‘ಸರ್, ಏಳನೇತ್ತೆ ವೇಳಾಪಟ್ಟಿ ಒಮ್ಮೆ ನೋಡಬಹುದೇನ್ರಿ?’ ಎಂದು ಕೇಳಿ. ಆಟ, ಚಿತ್ರ, ಕಾರ್ಯಾನುಭವ ಎಲ್ಲಿವೆ ನೋಡಿ. ವಾರಕ್ಕೆ ಒಂದನ್ನಾದರೂ ಬೆಳಿಗ್ಗೆಗೆ ತರಲು ಸಾಧ್ಯವೇ ಎಂದು ವಿಚಾರಿಸಿ. ಒಂದು ಸಂಭ್ರಮ ಶನಿವಾರ ನಿಮಗೆ ಗೊತ್ತಿರುವುದನ್ನು ಹೇಳಿಕೊಡುತ್ತೇನೆ ಎಂದು ಒಪ್ಪಿಕೊಳ್ಳಿ. ನಾನು ಎರಡು ಹಳೆಯ ಮೋಟರ್, ಒಂದು ಮಲ್ಟಿಮೀಟರ್ ಹೊಂದಿಸಿಟ್ಟಿದ್ದೇನೆ.