ಫ್ರಿಜ್ಜಿನ ಪಕ್ಕದ ಚಪ್ಪಲಿ

ನಮ್ಮ ಹಳೆ ಮನೆಯ ಅಡಿಗೆಕೋಣೆಯಲ್ಲಿ ಫ್ರಿಜ್ಜಿನ ಪಕ್ಕ ಒಂದು ಜೊತೆ ರಬ್ಬರ್ ಚಪ್ಪಲಿ ಯಾವಾಗಲೂ ಇರುತ್ತಿತ್ತು. ಒಳಗೆ ಚಪ್ಪಲಿ ಮೆಟ್ಟಿದವರನ್ನು ಗದರಿಸುವ ಅಜ್ಜಿಯೇ ಅದನ್ನು ಅಲ್ಲಿಟ್ಟದ್ದು. "ಬರಿಗಾಲಲ್ಲಿ ಬಾಗಿಲು ಮುಟ್ಬೇಡ ಮಗಾ, ಜುಂ ಅಂತದೆ" ಎಂದು ನನಗೂ ಹೇಳಿದ್ದರು. ಮಳೆಗಾಲದಲ್ಲಿ ಆ ಜುಂ ಸ್ವಲ್ಪ ಜಾಸ್ತಿ. ಶಾಲೆಯಲ್ಲಿ ಓಮನ ನಿಯಮ ಕಲಿಸುವ ನಾನೂ ಎರಡು ವರ್ಷ ಆ ಚಪ್ಪಲಿ ಮೆಟ್ಟಿಯೇ ಹಾಲು ತೆಗೆದಿದ್ದೇನೆ. ನಾಚಿಕೆಯ ವಿಷಯವೇ.

ಕಾಸರಗೋಡಿನ ಕಡೆ ಮುರಕಲ್ಲಿನ ಹಂಚಿನ ಮನೆಗಳಲ್ಲಿ ಇಂಥ ವಯರಿಂಗ್ ಈಗಲೂ ನೋಡಲು ಸಿಗುತ್ತದೆ: ಗೋಡೆಗೆ ಮರದ ಪಟ್ಟಿ, ಅದರ ಮೇಲೆ ರಬ್ಬರ್ ಹೊದಿಕೆಯ ತಂತಿ, ಮೂಲೆಯಲ್ಲಿ ಪಿಂಗಾಣಿ ಫ್ಯೂಸು. ನಾಲ್ಕು ಬಲ್ಬಿಗೆಂದು ಎಳೆದದ್ದು. ಅದಕ್ಕೇ ಈಗ ಫ್ರಿಜ್ಜು, ಗ್ರೈಂಡರು, 2000 ವಾಟಿನ ಇಂಡಕ್ಷನ್ ಒಲೆ, 1500 ವಾಟಿನ ಕೆಟಲ್.

ಲೆಕ್ಕ ಮಾಡಿ ನೋಡುವ. ಒಲೆ, ಕೆಟಲ್ ಎರಡೂ ಒಟ್ಟಿಗೆ ಉರಿದರೆ 3500 ÷ 230, ಅಂದರೆ ಸುಮಾರು 15 ಆಂಪಿಯರ್. ತಂತಿಯ ದಪ್ಪ 1 ಚದರ ಮಿಲಿಮೀಟರ್, ಹೋಗಿ ಬರುವ ಉದ್ದ 20 ಮೀಟರ್ ಎಂದಿಟ್ಟುಕೊಳ್ಳಿ. ತಾಮ್ರವಾದರೆ ಪ್ರತಿರೋಧ ಸುಮಾರು 0.34 ಓಮ್. ಪ್ರವಾಹದ ವರ್ಗವನ್ನು ಪ್ರತಿರೋಧದಿಂದ ಗುಣಿಸಿದರೆ ಹತ್ತಿರ ಹತ್ತಿರ 80 ವಾಟ್. ಅಷ್ಟು ಶಾಖ ಮರದ ಪಟ್ಟಿಯ ಮೇಲೆ, ಒಣಗಿ ಬಿರುಕು ಬಿಟ್ಟ ರಬ್ಬರಿನೊಳಗೆ! ಅದೇ 4 ಚದರ ಮಿಲಿಮೀಟರ್ ತಂತಿಯಾದರೆ 20 ವಾಟ್ ಮಾತ್ರ. ಫ್ಯೂಸು ಕರಗಬೇಕಿತ್ತಲ್ಲ ಅಂತೀರಾ? ಪದೇ ಪದೇ ಹೋಗ್ತದೆ ಅಂತ ಯಾರೋ ಅದಕ್ಕೆ ಮೂರೆಳೆ ದಪ್ಪ ತಂತಿ ಕಟ್ಟಿದ್ದರು.

ಇದಕ್ಕಿಂತ ಹೆದರಿಕೆಯ ಸಂಗತಿ ಸಾಕೆಟ್ ಬಿಚ್ಚಿದಾಗ ಕಂಡಿತು. ಫ್ರಿಜ್ಜಿನ ಸಾಕೆಟಿನ ಮೇಲಿನ ದೊಡ್ಡ ತೂತಿಗೆ ತಂತಿಯೇ ಇಲ್ಲ. ಗ್ರೈಂಡರಿನದ್ದಕ್ಕೆ ತಂತಿ ಉಂಟು, ಆದರೆ ಅದು ನ್ಯೂಟ್ರಲ್‌ನಿಂದ ಎಳೆದ ಒಂದು ತುಂಡು. ಸಾಲದ್ದಕ್ಕೆ ಹಳೆ ಕಾಲದ ಪದ್ಧತಿಯಂತೆ ನ್ಯೂಟ್ರಲ್‌ಗೂ ಒಂದು ಫ್ಯೂಸು. ಆ ಫ್ಯೂಸು ಹೋಯಿತು ಎಂದುಕೊಳ್ಳಿ. ಗ್ರೈಂಡರ್ ನಿಲ್ಲುತ್ತದೆ, 'ಕರೆಂಟ್ ಹೋಯ್ತು' ಅಂತ ನೀವು ಅದರ ಸ್ಟೀಲ್ ಮೈ ಮುಟ್ಟುತ್ತೀರಿ. ಆದರೆ ಫೇಸ್ ಮೋಟರಿನ ಸುರುಳಿಯ ಮೂಲಕ ಹಾದು, ಆ ತುಂಡು ತಂತಿಯಲ್ಲಿ ಹಿಂದೆ ಬಂದು, ಅದೇ ಸ್ಟೀಲಿನಲ್ಲಿ ಕಾದು ಕೂತಿರುತ್ತದೆ.

ಫ್ರಿಜ್ಜಿನ ಜುಂ ಎಂದರೆ ಸುಮಾರು 1 ಮಿಲಿಆಂಪಿಯರ್. ಹತ್ತು ದಾಟಿದರೆ ಕೈ ಬಿಡಿಸಿಕೊಳ್ಳುವುದೇ ಕಷ್ಟ. 30 ದಾಟಿ ಸ್ವಲ್ಪ ಹೊತ್ತು ಹರಿದರೆ ಉಸಿರು, ಹೃದಯಕ್ಕೇ ಅಪಾಯ. ಅಜ್ಜಿಯನ್ನು ಇಷ್ಟು ದಿನ ಕಾದದ್ದು ಒಣ ನೆಲದ ಮತ್ತು ಚಪ್ಪಲಿಯ ಪ್ರತಿರೋಧ, ಅಷ್ಟೇ. ಒದ್ದೆ ಕಾಲಲ್ಲಿ ಒಂದು ದಿನ ಮರೆತಿದ್ದರೆ?

ಅರ್ಥಿಂಗ್ ಮಾಡಿಸಿದರೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಮುಗಿಯುವುದಿಲ್ಲ. ಹೂತ ಪೈಪಿಗೂ ನೆಲಕ್ಕೂ ನಡುವಿನ ಪ್ರತಿರೋಧ 20 ಓಮ್ ಇದ್ದರೆ, ಫೇಸ್ ನೇರ ಮೈಗೆ ತಾಗಿದರೂ ಹರಿಯುವುದು 230 ÷ 20 = 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದನ್ನು ಮಾಮೂಲಿ ಬಳಕೆ ಎಂದೇ ತಿಳಿದು ಸುಮ್ಮನಿರುತ್ತದೆ. ಅದಕ್ಕೇ ಆರ್‌ಸಿಸಿಬಿ ಬೇಕು. ಅದರೊಳಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ಉಂಗುರದ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಬಂದರೆ ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಎಲ್ಲೋ ಸೋರಿ 30 ಮಿಲಿಆಂಪಿಯರ್ ಕಡಿಮೆ ಬಂದರೆ ಉಂಗುರದ ಸುರುಳಿಯಲ್ಲಿ ವಿದ್ಯುತ್ ಪ್ರೇರಣೆಯಾಗಿ, ಕಣ್ಣು ಮಿಟುಕಿಸುವುದರೊಳಗೆ ಸ್ವಿಚ್ ಬೀಳುತ್ತದೆ. ಒಂದು ಎಚ್ಚರ: ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೆ ಮುಟ್ಟಿದರೆ ಪಾಪ, ಅದಕ್ಕೆ ನೀವೂ ಒಂದು ಬಲ್ಬೇ.

ಹಾಗೆ ಲೈಸೆನ್ಸ್ ಇರುವ ವಯರ್‌ಮ್ಯಾನ್ ಬಂದು ನಾಲ್ಕು ದಿನ ಕೆಲಸ ಮಾಡಿದರು. ನಮ್ಮ ದೇಶದಲ್ಲಿ ಮನೆ ವಯರಿಂಗಿಗೆ ಐಎಸ್ 732 ಎಂಬ ಮಾನಕ ಉಂಟು. ಅವರ ಕೆಲಸವೆಲ್ಲ ಅದರಂತೆ. ದೀಪಗಳಿಗೆ 1.5 ಚದರ ಮಿಲಿಮೀಟರ್ ತಂತಿ, ಒಲೆಗೆ ಬೇರೆಯೇ 4 ಚದರ ಮಿಲಿಮೀಟರಿನ ಲೈನು. ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಸ್ವಿಚ್ಚುಗಳೆಲ್ಲ ಫೇಸಿನಲ್ಲೇ. ನ್ಯೂಟ್ರಲಿನ ಫ್ಯೂಸು ಗುಜರಿಗೆ.

ನೀವು ಸಾಕೆಟ್ ಬಿಚ್ಚಲಿಕ್ಕೆ ಹೋಗಬೇಡಿ ಮಕ್ಕಳೇ. ಉಪಕರಣದ ಹಿಂದಿನ ಪಟ್ಟಿಯಲ್ಲಿ ವಾಟ್ ಓದಿ ಕೂಡಿಸಿ. ಮೂರು ಪಿನ್ನಲ್ಲಿ ಅರ್ಥಿನದ್ದು ಯಾಕೆ ಉದ್ದ ಎಂದು ಯೋಚಿಸಿ (ಮೊದಲು ತಾಗಬೇಕು, ಕೊನೆಗೆ ಬಿಡಬೇಕು). ಮನೆಯಲ್ಲಿ ಆರ್‌ಸಿಸಿಬಿ ಇದ್ದರೆ ದೊಡ್ಡವರಿಗೆ ಹೇಳಿ ತಿಂಗಳಿಗೊಮ್ಮೆ 'ಟಿ' ಗುಂಡಿ ಒತ್ತಿಸಿ. ಅದು ಪೆಟ್ಟಿಗೆ ಕೆಲಸ ಮಾಡುತ್ತದೆಯೇ ಎಂದಷ್ಟೇ ಹೇಳುತ್ತದೆ, ಅರ್ಥ್ ತಂತಿಯ ವಿಷಯ ಹೇಳುವುದಿಲ್ಲ.

ಐದನೇ ದಿನ ಫ್ರಿಜ್ ಹಾಕಿದ ಕೂಡಲೇ ಟಪ್! ಮೇಲೆತ್ತಿದರೆ ಪುನಃ ಟಪ್. "ಹಳೆ ವಯರಿಂಗಲ್ಲಿ ಇಷ್ಟು ವರ್ಷ ಓಡ್ತಾ ಇತ್ತಲ್ಲ, ಆ ಪೆಟ್ಟಿಗೆ ತೆಗೆದು ನೇರ ಕೊಡಿ" ಎಂದರು ಮನೆಯ ಹಿರಿಯರೊಬ್ಬರು. ವಯರ್‌ಮ್ಯಾನ್ ಒಪ್ಪಲಿಲ್ಲ. ಪ್ಲಗ್ ಕಿತ್ತು ಫ್ರಿಜ್ ತಿರುಗಿಸಿ ನೋಡಿದರೆ, ಕಂಪ್ರೆಸರಿನ ಹತ್ತಿರ ಇಲಿ ಕಡಿದ ತಂತಿ, ಅದರ ಮೇಲೆ ಒದ್ದೆ ಧೂಳು. ಆ ತಂತಿ ಬದಲಾಯಿಸಿದ ಮೇಲೆ ಸ್ವಿಚ್ ನಿಂತಿತು. ಅಜ್ಜಿ ಮಾತ್ರ ಇನ್ನೂ ಒಂದು ವಾರ ಚಪ್ಪಲಿ ಮೆಟ್ಟಿಯೇ ಬಾಗಿಲು ತೆರೆದರು.