ಮನೆಯ ಮೂಲೆಯಲ್ಲೊಂದು ಅಚ್ಚಿನ ಯಂತ್ರ

ಮರದ ಹಲಗೆಯ ಮೇಲೋ ಲಿನೋಲಿಯಂ ತುಂಡಿನ ಮೇಲೋ ಚಿತ್ರವನ್ನು ಕೊರೆದು, ಉಬ್ಬಿ ನಿಂತ ಭಾಗಕ್ಕೆ ಮಸಿ ಸವರಿ, ಮೇಲೆ ಕಾಗದವಿಟ್ಟು ಒತ್ತಿದರೆ ಚಿತ್ರ ಮೂಡುತ್ತದೆ. ಉಬ್ಬಚ್ಚಿನ ಕಲೆಯ ತಿರುಳು ಇಷ್ಟೇ. ಆದರೆ ‘ಒತ್ತಿದರೆ’ ಎಂಬ ಆ ಒಂದು ಮಾತಿನಲ್ಲಿಯೇ ಕಲಾವಿದನ ಕಷ್ಟವೆಲ್ಲ ಅಡಗಿದೆ. ಜಪಾನಿನ ಕುಶಲಿಗಳು ಯಾವ ಯಂತ್ರದ ಹಂಗೂ ಇಲ್ಲದೆ, ‘ಬಾರೆನ್’ ಎಂಬ ದುಂಡು ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜಿಯೇ ಲೋಕ ಮೆಚ್ಚುವ ಚಿತ್ರಗಳನ್ನು ತೆಗೆದರು. ನಮ್ಮ ಅಡುಗೆಮನೆಯ ಮರದ ಸೌಟೂ ಆ ಕೆಲಸವನ್ನು ಮಾಡೀತು. ಅಂಗೈಯಗಲದ ಚಿತ್ರಕ್ಕೆ ಅಷ್ಟು ಸಾಕು. ದೊಡ್ಡ ಅಚ್ಚಿನಿಂದ ಐವತ್ತು ಪ್ರತಿ ತೆಗೆಯಹೊರಟವನ ತೋಳು ಮಾತ್ರ ಅರ್ಧ ದಾರಿಯಲ್ಲೇ ಸೋಲುತ್ತದೆ.

ಬಲವೆಂಬುದು ಹರವಿದಷ್ಟೂ ತೆಳುವಾಗುವ ವಸ್ತು. ಹಿಂದಿನ ಮರದ ಮುದ್ರಣಯಂತ್ರಗಳಲ್ಲಿ ಒತ್ತುವ ಹಲಗೆ ಅಚ್ಚಿನ ಅರ್ಧವನ್ನಷ್ಟೇ ಮುಚ್ಚುತ್ತಿತ್ತು. ಹಾಳೆಯೊಂದಕ್ಕೆ ಹಿಡಿಯನ್ನು ಎರಡು ಸಲ ಎಳೆಯಬೇಕಾಗಿತ್ತು. 1800ರ ಸುಮಾರಿಗೆ ಇಂಗ್ಲೆಂಡಿನ ಸ್ಟ್ಯಾನ್‌ಹೋಪ್ ಪ್ರಭು ಕಬ್ಬಿಣದ ಯಂತ್ರವನ್ನು ರೂಪಿಸಿದ ಮೇಲೆ ಇಡೀ ಹಾಳೆ ಒಂದೇ ಎಳೆತಕ್ಕೆ ಅಚ್ಚಾಗತೊಡಗಿತು.

ಆ ಬಲವನ್ನು ಇಂದು ಲಾರಿ ಎತ್ತುವ ಎಣ್ಣೆಯ ಜಾಕು ಸುಲಭವಾಗಿ ಒದಗಿಸುತ್ತದೆ. ಕಬ್ಬಿಣದ ಎರಡು ಕಂಬ, ಮೇಲೊಂದು ಕೆಳಗೊಂದು ತೊಲೆ. ಕೆಳತೊಲೆಯ ಮೇಲೆ ಜಾಕು, ಜಾಕಿನ ನೆತ್ತಿಯ ಮೇಲೆ ಏರಿಳಿಯುವ ಉಕ್ಕಿನ ಹಲಗೆ. ಹಿಡಿ ಆಡಿಸಿದರೆ ಹಲಗೆ ಅಚ್ಚನ್ನು ಹೊತ್ತು ಮೇಲೇರಿ, ಮೇಲ್ತೊಲೆಗೆ ಬಿಗಿದ ಇನ್ನೊಂದು ಹಲಗೆಗೆ ಒತ್ತಿಕೊಳ್ಳುತ್ತದೆ. ತಿರುಪು ಸಡಿಲಿಸಿದರೆ ಸ್ಪ್ರಿಂಗುಗಳು ಅದನ್ನು ಕೆಳಗೆಳೆಯುತ್ತವೆ. ಜಾಕನ್ನು ತಲೆಕೆಳಗಾಗಿ ನಿಲ್ಲಿಸುವಂತಿಲ್ಲ; ಸಾಮಾನ್ಯ ಜಾಕು ಹಾಗೆ ನಿಂತರೆ ಎಣ್ಣೆಯನ್ನು ಎಳೆದುಕೊಳ್ಳದು. 6 ಟನ್ ಬಲವನ್ನು 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದದ ಹಾಳೆಗೆ ಹಂಚಿದರೆ ಚದರ ಸೆಂಟಿಮೀಟರಿಗೆ ಸುಮಾರು 9.6 ಕಿಲೋಗ್ರಾಂ ಬೀಳುತ್ತದೆ. ಹಾಳೆ ಇಮ್ಮಡಿಯಾದರೆ ಇದು ಅರ್ಧಕ್ಕಿಳಿಯುತ್ತದೆ. ಅಚ್ಚಿನ ಅರ್ಧ ಭಾಗವನ್ನು ಕೊರೆದು ತೆಗೆದಿದ್ದರೆ ಉಳಿದ ಭಾಗದ ಮೇಲೆ ಮತ್ತೆ ಎರಡರಷ್ಟಾಗುತ್ತದೆ.

ಆದರೆ ಜಾಕು ಕಾಗದವನ್ನು ಎಷ್ಟು ಬಲದಿಂದ ಒತ್ತುವುದೋ ಅಷ್ಟೇ ಬಲದಿಂದ ಚೌಕಟ್ಟನ್ನು ಸೀಳಲು ಹವಣಿಸುತ್ತದೆಂಬುದನ್ನು ಉತ್ಸಾಹಿಗಳು ಮರೆಯುತ್ತಾರೆ. ಗುಜರಿಯಿಂದ ತಂದ ತೆಳು ಕಬ್ಬಿಣ, ಅರೆಬರೆ ಕಲಿತವನ ವೆಲ್ಡಿಂಗು, ಮುಖದ ಹತ್ತಿರದಲ್ಲೇ ಆರು ಟನ್ನು! ಬೆಸುಗೆ ಬಿಟ್ಟರೆ ಕಬ್ಬಿಣದ ಚೂರು ಸಿಡಿದು ಕಣ್ಣು ಹೋದೀತು. ಚಿತ್ರ ಬರೆಯುವ ಕೈ ಎಷ್ಟೇ ಪಳಗಿರಲಿ, ಬೆಸುಗೆಯನ್ನು ಪಳಗಿದ ಕಮ್ಮಾರನಿಗೇ ಬಿಡುವುದು ಲೇಸು. ಜಾಕಿಗಿಂತ ಹೆಚ್ಚಿನ ಹಣವನ್ನು ಚೌಕಟ್ಟಿಗೆ ಸುರಿದರೂ ಅದು ದುಂದಲ್ಲ.

ಇಷ್ಟಾದರೂ ಮೊದಲ ಪ್ರತಿ ನಿರಾಸೆಯನ್ನು ತಂದೀತು: ನಡುವೆ ಕಡುಗಪ್ಪು, ಅಂಚಿನಲ್ಲಿ ಬೂದಿ. ನಡುವೆ ನಿಂತ ಜಾಕು ತೆಳುವಾದ ಹಲಗೆಯನ್ನು ಬಾಗಿಸಿರುತ್ತದೆ. ಹಲಗೆಯ ಅಡಿಗೆ ಕಬ್ಬಿಣದ ಪಟ್ಟಿಗಳನ್ನು ನಿಲ್ಲಿಸಿ ಬೆಸೆದರೆ ಬಾಗು ತಗ್ಗುತ್ತದೆ. ಮತ್ತೂ ಮಸುಕು ಉಳಿದರೆ ಹಳೆಯ ಮುದ್ರಕರ ಉಪಾಯವೊಂದಿದೆ: ಮಸುಕಾದ ಜಾಗವನ್ನು ಗುರುತಿಸಿ, ಅಚ್ಚಿನ ಅಡಿಯಲ್ಲಿ ಅಲ್ಲಿಗೆ ಸರಿಯಾಗಿ ಹರಿದ ಸುದ್ದಿಪತ್ರಿಕೆಯ ಚೂರನ್ನು ಅಂಟಿಸಿ, ಮತ್ತೊಮ್ಮೆ ಒತ್ತಿ ನೋಡುವುದು.