ಮರದ ಹಲಗೆಯಿಂದ ಗ್ರಂಥಪ್ರತಿ: ಚೀನಾದ ಆದಿ ಮುದ್ರಣ

ಚೀನಾದ ವಾಯವ್ಯ ಭಾಗದ ದುನ್‌ಹುಆಂಗ್ ಬಳಿಯ ಗುಹೆಯೊಂದರಲ್ಲಿ ಮುಚ್ಚಿಹೋಗಿದ್ದ ಗ್ರಂಥರಾಶಿಯಿಂದ 1907ರಲ್ಲಿ ಆರೆಲ್ ಸ್ಟೈನ್ ಕೊಂಡೊಯ್ದ ಸುರುಳಿಗಳಲ್ಲಿ ವಜ್ರಚ್ಛೇದಿಕಾ ಸೂತ್ರದ ಪ್ರತಿಯೊಂದು ಇದ್ದಿತು. ಭಾರತದಲ್ಲಿ ಹುಟ್ಟಿದ ಈ ಬೌದ್ಧಸೂತ್ರದ ಕುಮಾರಜೀವಕೃತ ಚೀನೀ ಅನುವಾದವದು. ಸುಮಾರು 5 ಮೀಟರ್ ಉದ್ದದ ಈ ಸುರುಳಿ ಕೈಬರಹವಲ್ಲ. ಮರದ ಹಲಗೆಗಳಿಂದ ಅಚ್ಚಾದದ್ದು. ವಾಂಗ್ ಜ್ಯೆ ಎಂಬಾತನು ತನ್ನ ತಂದೆತಾಯಿಗಳ ಸಲುವಾಗಿ, ಎಲ್ಲರಿಗೂ ಉಚಿತವಾಗಿ ಹಂಚಲೆಂದು ಮಾಡಿಸಿದನೆಂದು ಅದರ ಪುಷ್ಪಿಕೆ ತಿಳಿಸುತ್ತದೆ. ಅಲ್ಲಿಯ ತಿಥಿ ಕ್ರಿ. ಶ. 868ರ ಮೇ 11ಕ್ಕೆ ಸರಿಹೊಂದುತ್ತದೆ. ಕಾಲನಿರ್ದೇಶವುಳ್ಳ ಅಚ್ಚಾದ ಪೂರ್ಣಗ್ರಂಥಗಳಲ್ಲಿ ಇದಕ್ಕಿಂತ ಪ್ರಾಚೀನವಾದುದು ಉಪಲಬ್ಧವಿಲ್ಲ. ಆದರೂ ಇದರ ಮೊದಲಲ್ಲಿರುವ ಚಿತ್ರದ ಪ್ರೌಢಿಮೆಯನ್ನು ನೋಡಿದವರು ಇದನ್ನು ಕಲೆಯ ಆರಂಭವೆನ್ನಲಾರರು. ಕೊರಿಯಾ, ಜಪಾನುಗಳ ಎಂಟನೆಯ ಶತಮಾನದ ಧಾರಣೀಮುದ್ರಣಗಳೂ ಅದನ್ನೇ ಸೂಚಿಸುತ್ತವೆ.

ಕೆಲಸದ ಕ್ರಮ ಸರಳ. ಲಿಪಿಕಾರನು ತೆಳುವಾದ ಕಾಗದದ ಮೇಲೆ ಶುದ್ಧವಾಗಿ ಬರೆದುದನ್ನು ಬರಹದ ಮುಖ ಕೆಳಗಾಗುವಂತೆ ಪೇರು ಮುಂತಾದ ಮರದ ಹಲಗೆಗೆ ಅಂಟಿಸುತ್ತಿದ್ದರು. ಕಾಗದದ ಹಿಂಬದಿಯಿಂದ ತಿರುಗುಮುರುಗಾಗಿ ತೋರುವ ಅಕ್ಷರಗಳನ್ನು ಉಳಿಸಿ, ಸುತ್ತಲಿನ ಮರವನ್ನು ಕೆತ್ತಿ ತೆಗೆಯಬೇಕು. ನಮ್ಮ ಓಲೆಗರಿಯಲ್ಲಿ ಕಬ್ಬಿಣದ ಲೇಖನಿ ಅಕ್ಷರವನ್ನೇ ಕೊರೆಯುತ್ತದೆ. ಇಲ್ಲಿ ಉಳಿ ಅಕ್ಷರವನ್ನು ಬಿಟ್ಟು ಮಿಕ್ಕುದನ್ನೆಲ್ಲ ಕೊರೆಯುತ್ತದೆ. ಬಳಿಕ ಕುಂಚದಿಂದ ಮಸಿ ಬಳಿದು, ಕಾಗದವನ್ನು ಹಾಸಿ, ಒಣ ಕುಂಚದಿಂದ ತೀಡಿದರೆ ಪ್ರತಿ ಸಿದ್ಧ. ಯಂತ್ರದ ಒತ್ತುವಿಕೆ ಇಲ್ಲ. ತೆಳುವಾದ ಕಾಗದವಾದುದರಿಂದ ಒಂದೇ ಬದಿಗೆ ಮುದ್ರಣ.

ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಮುಖ್ಯವಾದುದು ಬೇರೆಯೇ ಇದೆ. ಹತ್ತು ಮಂದಿ ಲಿಪಿಕಾರರ ಹತ್ತು ಪ್ರತಿಗಳಲ್ಲಿ ಸ್ಖಾಲಿತ್ಯಗಳು ಬೇರೆಬೇರೆಯಾಗಿರುವುದರಿಂದಲೇ ಅವನ್ನು ತೂಗಿನೋಡಿ ಮೂಲಪಾಠವನ್ನು ಊಹಿಸಲು ಸಾಧ್ಯ. ಒಂದೇ ಹಲಗೆಯಿಂದ ಬಂದ ನೂರು ಪ್ರತಿಗಳು ಪಾಠಶೋಧನದಲ್ಲಿ ಒಂದೇ ಸಾಕ್ಷ್ಯಕ್ಕೆ ಸಮ. ಹಲಗೆಯಲ್ಲಿ ಉಳಿದ ತಪ್ಪು ನೂರರಲ್ಲಿಯೂ ಉಳಿಯುತ್ತದೆ. ಆದುದರಿಂದ ಕೆತ್ತುವ ಮುನ್ನವೇ ಪಾಠವನ್ನು ತಿದ್ದುವುದು ಅನಿವಾರ್ಯವಾಗಿತ್ತು. ತಪ್ಪು ಮರದಲ್ಲಿ ಕಂಡರೆ ಆ ಭಾಗವನ್ನು ತೆಗೆದು ಹೊಸ ತುಂಡನ್ನು ಕೂಡಿಸುತ್ತಿದ್ದರು. 932ರಿಂದ 953ರವರೆಗೆ ಫೆಂಗ್ ದಾವೋ ಮೊದಲಾದವರು ಕನ್ಫ್ಯೂಷಿಯಸ್ ಪಂಥದ ಗ್ರಂಥಗಳನ್ನು ಮುದ್ರಿಸಿದಾಗ ಶಿಲೆಯ ಮೇಲೆ ಕೆತ್ತಿದ್ದ ಪಾಠವನ್ನು ಆಧಾರವಾಗಿಟ್ಟುಕೊಂಡುದು ಈ ಎಚ್ಚರದಿಂದಲೇ ಇರಬೇಕು.

971ರಿಂದ 983ರೊಳಗೆ ಚೆಂಗ್ಡುವಿನಲ್ಲಿ ಬೌದ್ಧ ತ್ರಿಪಿಟಕಕ್ಕಾಗಿ ಸುಮಾರು 1,30,000 ಹಲಗೆಗಳನ್ನು ಕೆತ್ತಲಾಯಿತು. ಹೆಚ್ಚುಕಡಮೆ ಅದೇ ಕಾಲದ ಕನ್ನಡನಾಡಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ವಾಂಗ್ ಜ್ಯೆ ಮಾಡಿದುದೂ ಶಾಸ್ತ್ರದಾನವೇ. ಆದರೆ ಅತ್ತಿಮಬ್ಬೆಯ ಸಾವಿರ ಪ್ರತಿಗಳಲ್ಲಿ ಒಂದೊಂದನ್ನೂ ಲಿಪಿಕಾರನು ಮೊದಲಿನಿಂದ ಕೊನೆಯವರೆಗೆ ಬರೆಯಲೇಬೇಕಾಗಿತ್ತು.